ಅನ್ನನಾಳ ತೆಗೆದ ಮೇಲೆ ಮೇಲೇರುವ ಹುಳಿ: ಮಲಗುವ ಹಲಗೆಯಿಂದ ಬಯಾಪ್ಸಿ ವರದಿಯವರೆಗೆ

ಕ್ಯಾನ್ಸರಿಗಾಗಿ ಅನ್ನನಾಳ ತೆಗೆಸುವ ಆಪರೇಷನ್ ಮುಗಿಸಿಕೊಂಡು ಮಣಿಪಾಲ, ಹುಬ್ಬಳ್ಳಿ, ಗೋವಾ, ಬೆಂಗಳೂರಿನಿಂದ ಕಾರವಾರ, ಕುಮಟಾ, ಶಿರಸಿ ಕಡೆಗೆ ಮರಳುವವರ ಡಿಸ್ಚಾರ್ಜ್ ಚೀಟಿಯಲ್ಲಿ, ಮಾತ್ರೆಗಳ ಪಟ್ಟಿ ಮುಗಿದ ಮೇಲೆ, ‘ತಲೆಭಾಗ ಎತ್ತರಿಸಿ ಮಲಗಿ’ ಎಂದು ಒಂದು ಸಾಲು ಇರುತ್ತದೆ. ಮನೆಯವರು ಮಾತ್ರೆ ಒಂದನ್ನೂ ತಪ್ಪಿಸುವುದಿಲ್ಲ. ಆ ಸಾಲಿಗೆ ಮಾತ್ರ ಎರಡು ದಿಂಬು ಕೊಟ್ಟು ಸುಮ್ಮನಾಗುತ್ತಾರೆ. ಕೆಲವು ತಿಂಗಳಲ್ಲಿ ರಾತ್ರಿ ಕೆಮ್ಮು, ಬೆಳಿಗ್ಗೆ ಬಾಯಿ ಕಹಿ, ಒಡಕು ದನಿ ಶುರುವಾದರೆ ‘ಮಾತ್ರೆ ಬದಲಿಸಿ ಕೊಡಿ’ ಎಂದು ಕೇಳುತ್ತಾರೆ. ಈ ಲೇಖನದ ಒಂದು ಮುಖ್ಯ ಭಾಗ ಆ ಒಂದು ಸಾಲಿನ ಬಗ್ಗೆಯೇ ಇದೆ.

ಒಳಗೆ ಏನು ಬದಲಾಗಿದೆ

ದೊಡ್ಡವರ ಅನ್ನನಾಳ ಸುಮಾರು 25 ಸೆಂ.ಮೀ. ಉದ್ದ. ಅದರ ಬಹುಭಾಗ ತೆಗೆದು, ಜಠರವನ್ನು ಸುಮಾರು 4–5 ಸೆಂ.ಮೀ. ಅಗಲದ ಕೊಳವೆಯಾಗಿ ಹೊಲಿದು, ಎದೆಯೊಳಗೆ ಮೇಲೆಳೆದು, ಉಳಿದ ಅನ್ನನಾಳದ ತುಂಡಿಗೆ ಜೋಡಿಸುತ್ತಾರೆ. ಜೋಡಣೆ ಎದೆಯೊಳಗಿದ್ದರೆ ಐವರ್ ಲೂಯಿಸ್ ಪದ್ಧತಿ. ಕುತ್ತಿಗೆಯಲ್ಲಿದ್ದರೆ ಮೆಕ್‌ಕ್ಯೂನ್ ಅಥವಾ ಟ್ರಾನ್ಸ್‌ಹಯಾಟಲ್. ನಿಮ್ಮದು ಯಾವುದು ಎಂದು ಚೀಟಿಯಲ್ಲಿ ನೋಡಿಟ್ಟುಕೊಳ್ಳಿ, ಮುಂದೆ ಪ್ರತಿ ಎಂಡೋಸ್ಕೋಪಿಯಲ್ಲೂ ಇದು ಬೇಕಾಗುತ್ತದೆ. ಎದೆಯ ಕೆಳಭಾಗದ ಜೋಡಣೆಗೆ ಹೋಲಿಸಿದರೆ ಮೇಲಿನ ಜೋಡಣೆಯಲ್ಲಿ ಹುಳಿ ಏರುವ ಕಾಟ ಸಾಮಾನ್ಯವಾಗಿ ಕಡಿಮೆ.

ಈ ಕೆಲಸದಲ್ಲಿ ಮೂರು ಕಾವಲು ಹೋಗುತ್ತವೆ. ಅನ್ನನಾಳದ ಬುಡದಲ್ಲಿ ಬಿಗಿಹಿಡಿದು ನಿಲ್ಲುತ್ತಿದ್ದ ಸ್ನಾಯುವಿನ ಕವಾಟ ಹೋಗುತ್ತದೆ. ವೇಗಸ್ ನರ ಕತ್ತರಿಸುವುದರಿಂದ ಜಠರ ತಾನಾಗಿ ಹಿಂಡಿ ಖಾಲಿಯಾಗುವುದು ನಿಧಾನವಾಗುತ್ತದೆ. ಮೂರನೆಯದು ಒತ್ತಡದ ಲೆಕ್ಕ: ಹೊಟ್ಟೆಯೊಳಗೆ ಒತ್ತಡ ಹೆಚ್ಚು, ಉಸಿರೆಳೆದಾಗ ಎದೆಯೊಳಗೆ ಕಡಿಮೆ. ಕೊಳವೆಯ ಕೆಳತುದಿ ಹೊಟ್ಟೆಯಲ್ಲಿ, ಮೇಲ್ತುದಿ ಎದೆಯಲ್ಲಿ ಇರುವುದರಿಂದ ಪ್ರತಿ ಉಸಿರಿಗೂ ಒಳಗಿನದು ಮೇಲಕ್ಕೆ ಎಳೆಯಲ್ಪಡುತ್ತದೆ. ಅಘನಾಶಿನಿ ಹೊಳೆ ಬದಿಯ ಗಜನಿ, ಅಂದರೆ ಉಪ್ಪುನೀರಿನ ಅಂಚಿನ ಗದ್ದೆ, ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೀರು ತಡೆಯುವ ಜಂತ್ರಡಿ ಬಾಗಿಲು ಕಿತ್ತ ಮೇಲೆ ಉಬ್ಬರದ ನೀರಿಗೆ ತಡೆಯೇ ಇರುವುದಿಲ್ಲ.

ಮೇಲೇರುವುದು ಬರೀ ಆಮ್ಲವಲ್ಲ. ಸಣ್ಣ ಕರುಳಿನಿಂದ ಪಿತ್ತರಸವೂ ಜಠರಕ್ಕೆ ಹಿಮ್ಮರಳಿ, ಅಲ್ಲಿಂದ ಮೇಲೆ ಬರುತ್ತದೆ. ನರ ಕತ್ತರಿಸಿದ ಮೊದಲ ದಿನಗಳಲ್ಲಿ ಆಮ್ಲ ಕಡಿಮೆಯಾಗುತ್ತದೆ ನಿಜ, ಆದರೆ ಕಾಲ ಕಳೆದಂತೆ ಅನೇಕರಲ್ಲಿ ಮತ್ತೆ ಹೆಚ್ಚುತ್ತದೆ. ‘ಮೊದಲು ಏನೂ ಇರಲಿಲ್ಲ, ಈಗ ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಇದೇ.

ಇಲ್ಲಿ ಮಾತಿನ ಗೊಂದಲವೂ ಒಂದಿದೆ. ನಮ್ಮ ಕಡೆ ತಲೆನೋವು, ವಾಕರಿಕೆ ಬಂದರೆ ‘ಪಿತ್ತ ಆಗಿದೆ’ ಎಂದು ಲಿಂಬೆ ಪಾನಕ ಮಾಡಿ ಕೊಡುತ್ತಾರೆ. ವೈದ್ಯರು ಹೇಳುವ ಪಿತ್ತರಸ ಯಕೃತ್ತಿನಿಂದ ಕರುಳಿಗೆ ಇಳಿಯುವ ಹಳದಿ-ಹಸಿರು ದ್ರವ. ಅದು ಗಂಟಲಿಗೆ ಬಂದಿರುವವರಿಗೆ ಲಿಂಬೆ ಕೊಟ್ಟರೆ ಉರಿಯ ಮೇಲೆ ಉರಿ.

ಮಲಗುವ ಹಲಗೆ

ಕವಾಟದ ಕೆಲಸವನ್ನು ಈಗ ಇಳಿಜಾರು ಮಾಡಬೇಕು. ಮಾತ್ರೆ ಹುಳಿಯ ಖಾರವನ್ನು ಇಳಿಸುತ್ತದೆ, ಹರಿವನ್ನು ನಿಲ್ಲಿಸುವುದಿಲ್ಲ. ಪಿತ್ತರಸದ ಮೇಲೆ ಅದರ ಕೆಲಸವೂ ಅಷ್ಟಕ್ಕಷ್ಟೆ. ಹರಿವನ್ನು ತಡೆಯುವುದಕ್ಕೆ ಮನೆಯಲ್ಲಿ ಇರುವ ದೊಡ್ಡ ಉಪಾಯ ಭೂಮಿಯ ಸೆಳೆತ, ಅದು ಕೆಲಸ ಮಾಡಬೇಕಾದರೆ ಕೋನ ಸರಿಯಿರಬೇಕು.

ಎರಡು ಮೂರು ದಿಂಬು ಪೇರಿಸಿದರೆ ಕುತ್ತಿಗೆ ಮತ್ತು ಸೊಂಟ ಮಡಚುತ್ತವೆ, ಹೊಟ್ಟೆ ಒತ್ತುತ್ತದೆ, ಹರಿವು ಹೆಚ್ಚುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ಕುಂಟೆ ಇಡುವುದು ಇದಕ್ಕಿಂತ ವಾಸಿ. ಆದರೆ ಲೆಕ್ಕ ಹಾಕಿ ನೋಡಿ: 180 ಸೆಂ.ಮೀ. ಉದ್ದದ ಮಂಚದ ಒಂದು ತುದಿಯನ್ನು 20 ಸೆಂ.ಮೀ. ಎತ್ತಿದರೆ ಸಿಗುವ ಓರೆ ಕೇವಲ 6 ಡಿಗ್ರಿ ಚಿಲ್ಲರೆ. ಈ ಆಪರೇಷನ್ ಆದವರಿಗೆ ಆಸ್ಪತ್ರೆಗಳು ಸಾಮಾನ್ಯವಾಗಿ ಹೇಳುವುದು 30 ಡಿಗ್ರಿ. ಅದಕ್ಕೆ ಬೆನ್ನಿನಡಿ ಓರೆ ಹಲಗೆಯೇ ಬೇಕು.

ಊರಿನ ಬಡಗಿಗೆ ಹೀಗೆ ಹೇಳಿ. 75 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಪ್ಲೈವುಡ್ ಎರಡು ತುಂಡು, 60 ಸೆಂ.ಮೀ.ಯ ಒಂದು ಬದಿಗೆ ಬಿಜಾಗರಿ ಹಾಕಿ ಪುಸ್ತಕದಂತೆ ತೆರೆಯುವ ಹಾಗೆ. ಮೇಲಿನ ಹಲಗೆಯ ತಲೆಯ ಅಂಚು ಕೆಳಗಿನದರಿಂದ 37 ಸೆಂ.ಮೀ. ಎತ್ತರದಲ್ಲಿ ನಿಲ್ಲುವಂತೆ ಎರಡೂ ಬದಿ ಊರುಗೋಲು. ಇದು 30 ಡಿಗ್ರಿ. ಮೊದಲ ವಾರ ಒಗ್ಗದಿದ್ದರೆ 26 ಸೆಂ.ಮೀ.ಗೆ ನಿಲ್ಲುವ ಇನ್ನೊಂದು ಕಚ್ಚು ಕೊರೆಸಿಡಿ, ಅದು 20 ಡಿಗ್ರಿ. ಮೇಲೆ 5 ಸೆಂ.ಮೀ. ದಪ್ಪದ ಗಟ್ಟಿ ಫೋಮ್. ನಮ್ಮ ಮಳೆಗಾಲದಲ್ಲಿ ಬರೀ ಫೋಮ್ ಹದಿನೈದು ದಿನಕ್ಕೆ ಬೂಸಲು ಹಿಡಿಯುತ್ತದೆ. ರೆಕ್ಸಿನ್ ಹೊದಿಕೆ ಹಾಕಿ, ಅದರ ಮೇಲೆ ಹತ್ತಿ ಬಟ್ಟೆ ಹಾಸಿ. ನೆಲದ ಮೇಲೆ ಚಾಪೆ ಹಾಸಿ ಮಲಗುವ ಮನೆಯಲ್ಲೂ ಇದೇ ಹಲಗೆ ನಡೆಯುತ್ತದೆ.

ಮಲಗುವಾಗ ಹಲಗೆಯ ಮಡಿಕೆ ಕುಂಡೆಯ ಹತ್ತಿರ ಬರಬೇಕು, ಸೊಂಟದ ಮೇಲಲ್ಲ. ನಡುರಾತ್ರಿ ಕೆಳಗೆ ಜಾರುವುದು ಎಲ್ಲರ ದೂರು. ತೊಡೆಯ ಕೆಳಗೆ ಸುರುಳಿ ಸುತ್ತಿದ ಕಂಬಳಿ ಇಟ್ಟರೆ ಜಾರುವುದು ನಿಲ್ಲುತ್ತದೆ. ಮಧ್ಯಾಹ್ನದ ಜೊಂಪಿಗೆ ಚಪ್ಪಟೆ ಮಲಗದೆ ಆರಾಮ ಕುರ್ಚಿ ಬಳಸಿ. ಈ ಹಲಗೆ ಮೂರು ತಿಂಗಳ ಪಥ್ಯವಲ್ಲ, ಕವಾಟ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಮುಂದೆಯೂ ಬೇಕು. ನೆಂಟರ ಮನೆಗೆ ಹೋಗುವಾಗ ಒಯ್ಯಲು ಆಗುವಂತೆ ಮಡಚುವ ಹಲಗೆ ಹೇಳಿದ್ದು ಅದಕ್ಕೇ.

ರಾತ್ರಿ ಎರಡು ಗಂಟೆಗೆ ಬಾಯಿಗೆ ಕಹಿ ನೀರು ಬಂದರೆ: ಎದ್ದು ಕಾಲು ಕೆಳಗೆ ಬಿಟ್ಟು ಕುಳಿತುಕೊಳ್ಳಿ. ಬಾಯಿ ಮುಕ್ಕಳಿಸಿ ಉಗುಳಿ. ಎರಡು ಗುಟುಕು ನೀರು ಸಾಕು, ಲೋಟ ತುಂಬ ಬೇಡ. ಅರ್ಧ ಗಂಟೆ ಕುಳಿತೇ ಇರಿ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗುರುತು ಹಾಕಿ. ತಿಂಗಳಲ್ಲಿ ಎಷ್ಟು ಗುರುತು ಎಂಬುದು ವೈದ್ಯರಿಗೆ ‘ತುಂಬಾ ಉರಿ ಡಾಕ್ಟ್ರೇ’ ಎನ್ನುವುದಕ್ಕಿಂತ ಹೆಚ್ಚು ಹೇಳುತ್ತದೆ.

ಊಟ: ಏನು ಎನ್ನುವ ಮೊದಲು ಎಷ್ಟು, ಯಾವಾಗ

ಕೊಳವೆಯಾದ ಜಠರಕ್ಕೆ ಮೊದಲಿನ ಜಾಗವಿಲ್ಲ. ದಿನಕ್ಕೆ 6ರಿಂದ 8 ಬಾರಿ, ಒಂದು ಸಲಕ್ಕೆ ಸಣ್ಣ ಬಟ್ಟಲಿನಷ್ಟು, 20–30 ನಿಮಿಷ ಜಗಿದು ತಿನ್ನಿ. ನೀರು, ಮಜ್ಜಿಗೆ, ಕಷಾಯ ಊಟದ ಜೊತೆ ಬೇಡ, ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಅರ್ಧದಿಂದ ಒಂದು ಗಂಟೆ ನಂತರ ಇರಲಿ. ರಾತ್ರಿಯ ಕೊನೆಯ ತುತ್ತಿಗೂ ಮಲಗುವುದಕ್ಕೂ 3 ಗಂಟೆ ಅಂತರ ಬೇಕು. ಒಂಬತ್ತೂವರೆಗೆ ಊಟ, ಹತ್ತಕ್ಕೆ ಹಾಸಿಗೆ ಎಂಬ ಮನೆಯಲ್ಲಿ ಬದಲಾಯಿಸಲು ಕಷ್ಟವಾಗುವುದು ಇದೇ. ರೋಗಿಯೊಬ್ಬರಿಗೆ ಬೇರೆ ಹೊತ್ತಿಗೆ ಬಡಿಸುವುದಕ್ಕಿಂತ ಮನೆಯವರೆಲ್ಲ ಏಳು ಗಂಟೆಗೆ ಉಂಡರೆ ಇದು ಹೆಚ್ಚು ದಿನ ಬಾಳಿಕೆ ಬರುತ್ತದೆ.

ಕುಚ್ಚಲಕ್ಕಿ ಗಂಜಿ ಇಲ್ಲಿಯ ರೋಗಿಯ ಮೊದಲ ಆಹಾರ. ಗಂಟಲಿಗೆ ಹಿತ, ಆದರೆ ಅದರಲ್ಲಿ ಬಹುಪಾಲು ನೀರು, ಹೊಟ್ಟೆ ತುಂಬಿಸಿ ತೂಕ ಕಳೆಯುತ್ತದೆ. ಪ್ರೋಟೀನ್ ದಿನಕ್ಕೆ ದೇಹತೂಕದ ಕಿಲೋಗೆ 1.2–1.5 ಗ್ರಾಂ ಬೇಕು, 50 ಕಿಲೋದವರಿಗೆ 60–75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಮೀನಿನಲ್ಲಿ 18–20 ಗ್ರಾಂ. ಹಾಗಾಗಿ ಗಂಜಿಯನ್ನು ಮಂದವಾಗಿ ಬೇಯಿಸಿ, ಹೆಸರುಬೇಳೆ ಕಲಸಿ, ಒಂದು ಚಮಚ ತುಪ್ಪ ಹಾಕಿ. ಮೀನು ತಿನ್ನುವವರಿಗೆ ಕಾಣೆ ಒಳ್ಳೆಯದು. ಮೆತ್ತಗಿರುತ್ತದೆ, ಹಬೆಯಲ್ಲಿ ಬೇಯಿಸಿ ಮುಳ್ಳು ಪೂರ್ತಿ ಬಿಡಿಸಿ ಕೊಡಬಹುದು. ಸಣ್ಣ ಮುಳ್ಳಿನ ಮೀನು ಜೋಡಣೆಯ ಕಿರಿದಾದ ಜಾಗದಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಖಾರದ ಗೊಜ್ಜು ಸದ್ಯ ದೂರವಿರಲಿ. ಘಟ್ಟದ ಮೇಲಿನವರಿಗೆ ತೆಳ್ಳೇವು, ಒಂದೆಲಗದ ತಂಬುಳಿ ನಡೆಯುತ್ತದೆ, ಮಜ್ಜಿಗೆ ಹುಳಿಯಾಗಿರಬಾರದು ಅಷ್ಟೆ. ಅಪ್ಪೆಹುಳಿ, ಮುರುಗಲು ಸಾರು, ಸೋಲ್ ಕಡಿ ಮೂರೂ ಊಟಕ್ಕೆ ರುಚಿ, ಸುಟ್ಟ ಅಂಟುಪೊರೆಗೆ (ಅನ್ನನಾಳದ ಒಳಪೊರೆಗೆ) ಶತ್ರು.

ಸಿಹಿಯ ವಿಷಯ ಬೇರೆ. ತೊಡೆದೇವು, ಪಾಯಸ, ಕಬ್ಬಿನ ಹಾಲು ಜಠರದಲ್ಲಿ ನಿಲ್ಲದೆ ಸರ್ರನೆ ಕರುಳಿಗೆ ಇಳಿದರೆ 15–30 ನಿಮಿಷದಲ್ಲಿ ಎದೆ ಡವಗುಟ್ಟಿ, ಬೆವತು, ಹೊಟ್ಟೆ ನುಲಿಯುತ್ತದೆ. ಇದು ಡಂಪಿಂಗ್. ಒಂದರಿಂದ ಮೂರು ಗಂಟೆ ಕಳೆದು ಸಕ್ಕರೆ ಇಳಿದು ಕೈಕಾಲು ನಡುಗುವುದು ಅದರ ಎರಡನೇ ರೂಪ. ಡಂಪಿಂಗ್ ಆದಾಗ ‘ಮಲಗಿ’ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ, ಅದನ್ನು ಕೇಳಿ ಚಪ್ಪಟೆ ಮಲಗಿದರೆ ಹುಳಿ ಏರುತ್ತದೆ. ಆರಾಮ ಕುರ್ಚಿಯಲ್ಲಿ ಒರಗಿದರೆ ಎರಡಕ್ಕೂ ಪರಿಹಾರ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಇದ್ದವರು ಅದರ ಪ್ರಮಾಣವನ್ನು ವೈದ್ಯರಲ್ಲಿ ಹೊಸದಾಗಿ ಕೇಳಿಕೊಳ್ಳಬೇಕು.

ಉಂಡ ಮೇಲೆ ಬಗ್ಗುವ ಕೆಲಸ ಕನಿಷ್ಠ ಎರಡು ಗಂಟೆ ಬೇಡ: ಮೆಟ್ಟುಕತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುವುದು, ತೋಟದಲ್ಲಿ ಹೆಕ್ಕುವುದು, ದೋಣಿಯಲ್ಲಿ ಬಲೆ ಎಳೆಯುವುದು. ಬಲೆಯ ಹರಕು ಹೊಲಿಯುವುದಕ್ಕೆ ಅಡ್ಡಿಯಿಲ್ಲ, ಕುರ್ಚಿಯ ಮೇಲೆ ನೆಟ್ಟಗೆ ಕುಳಿತರೆ ಸರಿ. ಪಂಚೆ, ಲಂಗದ ಲಾಡಿ ಬಿಗಿಯಬೇಡಿ. ತಪಾಸಣೆಗೆಂದು ದೇವಿಮನೆ ಅಥವಾ ಅರಬೈಲ್ ಘಟ್ಟ ಹತ್ತಿಳಿಯುವ ದಿನ ಬಸ್ಸಿಗೆ ಎರಡು ಗಂಟೆ ಮೊದಲೇ ತಿಂದು ಮುಗಿಸಿ.

ಕವಳದ ಮಾತು ತಪ್ಪಿಸುವಂತಿಲ್ಲ. ತಂಬಾಕು ಬಿಟ್ಟೆ, ಬರೀ ಎಲೆ-ಅಡಿಕೆ ಅಷ್ಟೇ ಎನ್ನುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಅಡಿಕೆಯೇ ಅನ್ನವಾದ ಊರಿನಲ್ಲಿ ಇದನ್ನು ಹೇಳುವುದು ಕಷ್ಟ. ಬೆಳೆಯುವುದು ಬೇರೆ, ಆಪರೇಷನ್ ಆದ ಬಾಯಿಗೆ ಹಾಕುವುದು ಬೇರೆ.

ಮಾತ್ರೆ ನುಂಗುವ ಕ್ರಮ

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆಗಳು ಆಮ್ಲ ತಯಾರಾಗುವ ಹೊತ್ತಿಗೆ ರಕ್ತದಲ್ಲಿರಬೇಕು. ಅದಕ್ಕೇ ತಿಂಡಿಗೆ 30–60 ನಿಮಿಷ ಮೊದಲು, ಖಾಲಿ ಹೊಟ್ಟೆಗೆ. ಉಂಡ ಮೇಲೆ ನುಂಗಿದರೆ ಫಲ ಕಡಿಮೆ. ಅವುಗಳ ಹೊರಪೊರೆ ಆಮ್ಲದಿಂದ ಔಷಧವನ್ನು ಕಾಯುತ್ತದೆ, ಪುಡಿ ಮಾಡಬೇಡಿ. ಇಡೀ ಮಾತ್ರೆ ಇಳಿಯದಿದ್ದರೆ ನಾಲಿಗೆ ಮೇಲೆ ಕರಗುವ ಅಥವಾ ನೀರಲ್ಲಿ ಕಲಸುವ ರೂಪ ಕೇಳಿ. ಜಠರದಲ್ಲಿ ಇದ್ದದ್ದರ ಮೇಲೆ ಪದರವಾಗಿ ತೇಲುವ ಆಲ್ಜಿನೇಟ್ ಇರುವ ದ್ರವವನ್ನು ಊಟದ ನಂತರ ಮತ್ತು ಮಲಗುವ ಮೊದಲು ಕೊಡುವುದುಂಟು. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ವಾಂತಿ ತಡೆಯುವ ಡೊಂಪೆರಿಡೋನ್ ಬೆರೆಸಿದ ಕ್ಯಾಪ್ಸೂಲನ್ನು ನೀವಾಗಿಯೇ ತಿಂಗಳುಗಟ್ಟಲೆ ನುಂಗಬೇಡಿ. ಅದು ಹೃದಯದ ಬಡಿತದ ಲಯ ಕೆಡಿಸಬಲ್ಲದು, ಕೆಲವು ಆ್ಯಂಟಿಬಯೋಟಿಕ್‌ಗಳ ಜೊತೆ ಇನ್ನೂ ಹೆಚ್ಚು.

ಮಳೆಗಾಲದಲ್ಲಿ ಇಲಿಜ್ವರದ ಶಂಕೆಗೆ ಇಲ್ಲಿ ಕೊಡುವ ಡಾಕ್ಸಿಸೈಕ್ಲಿನ್ ಅನ್ನನಾಳದಲ್ಲಿ ನಿಂತರೆ ಹುಣ್ಣು ಮಾಡುವ ಮಾತ್ರೆ. ಜ್ವರಕ್ಕೆ ಚೀಟಿ ಬರೆಯುವವರಿಗೆ ನಿಮ್ಮ ಆಪರೇಷನ್ ವಿಷಯ ಮೊದಲೇ ತಿಳಿಸಿ. ಬೇರೆ ದಾರಿಯಿಲ್ಲದೆ ನುಂಗಬೇಕಾದರೆ ನೆಟ್ಟಗೆ ನಿಂತು, ಸಾಕಷ್ಟು ನೀರಿನ ಜೊತೆ, ಆಮೇಲೆ ಒಂದು ಗಂಟೆ ಒರಗದೆ. ಮೈಕೈ ನೋವಿಗೆ ಡೈಕ್ಲೊಫಿನಾಕ್, ಐಬುಪ್ರೊಫೇನ್ ಬೇಡ, ಕೊಳವೆಯಾದ ಜಠರದಲ್ಲೂ ಹುಣ್ಣಾಗುತ್ತದೆ. ಬಿ12 ಮತ್ತು ಕಬ್ಬಿಣದ ಅಂಶ ವರ್ಷಕ್ಕೊಮ್ಮೆಯಾದರೂ ಪರೀಕ್ಷೆಯಾಗಲಿ.

ಅಂಟುಪೊರೆ ಬದಲಾಗುವುದು

ಅನ್ನನಾಳದ ಒಳಪೊರೆ ಚಪ್ಪಟೆ ಕೋಶಗಳ ಪದರಗಳಿಂದ ಆದದ್ದು, ಬಿಸಿ ಅನ್ನದ ಉಜ್ಜುವಿಕೆ ತಾಳುತ್ತದೆ, ಆಮ್ಲ ತಾಳುವುದಿಲ್ಲ. ಉಳಿದ ತುಂಡಿನ ಮೇಲೆ ಆಮ್ಲ, ಪಿತ್ತ ಸತತವಾಗಿ ಬಿದ್ದಾಗ ಆ ಪೊರೆ ಸುಟ್ಟು, ಆ ಜಾಗದಲ್ಲಿ ಕಂಬದಾಕಾರದ ಕೋಶಗಳ ಪೊರೆ ಬೆಳೆಯುತ್ತದೆ. ಉಪ್ಪುನೀರು ಹೊಕ್ಕ ಗಜನಿಯಲ್ಲಿ ಬೇರೆ ಭತ್ತ ಸತ್ತು ಉಪ್ಪು ತಾಳುವ ಕಗ್ಗ ತಳಿ ಮಾತ್ರ ನಿಲ್ಲುವ ಹಾಗೆ. ಇದಕ್ಕೆ ಕಾಲಮ್ನಾರ್ ಮೆಟಾಪ್ಲೇಸಿಯಾ ಎನ್ನುತ್ತಾರೆ. ಆಪರೇಷನ್ ಆಗದವರಲ್ಲಿ ಇಂಥ ಬದಲಾವಣೆಗೆ ಬ್ಯಾರೆಟ್ ಅನ್ನನಾಳವೆಂಬ ಹೆಸರಿದೆ, 1950ರಲ್ಲಿ ಇದರ ಬಗ್ಗೆ ಬರೆದ ಲಂಡನ್ ಸರ್ಜನ್ ನಾರ್ಮನ್ ಬ್ಯಾರೆಟ್ ಹೆಸರಿನಿಂದ ಬಂದದ್ದು.

ಆಪರೇಷನ್ ಆದವರನ್ನು ಎಂಡೋಸ್ಕೋಪಿಯಿಂದ ಹಿಂಬಾಲಿಸಿದ ಹಲವು ಅಧ್ಯಯನಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನರಲ್ಲಿ ಕಂಬಕೋಶದ ಪೊರೆ ಕಂಡಿದೆ. ಭಾರತದಲ್ಲಿ ಹೆಚ್ಚಾಗಿ ಕಾಣುವ ಸ್ಕ್ವಾಮಸ್ (ಚಪ್ಪಟೆ ಕೋಶದ) ಜಾತಿಯ ಕ್ಯಾನ್ಸರಿಗೆ ಆಪರೇಷನ್ ಆದವರಲ್ಲೂ ಇದು ಆಗುತ್ತದೆ. ಅಂದರೆ ಇದು ಹಳೆಯ ರೋಗದ ಮುಂದುವರಿಕೆಯಲ್ಲ, ಹೊಸ ಹರಿವಿನ ಫಲ. ಎದೆಯುರಿ ಇಲ್ಲ ಎನ್ನುವುದು ಪೊರೆ ಸರಿಯಿದೆ ಎಂಬುದಕ್ಕೆ ಸಾಕ್ಷಿಯೂ ಅಲ್ಲ, ಏನೂ ಉರಿಯಿಲ್ಲದವರಲ್ಲೂ ಬದಲಾವಣೆ ಸಿಗುತ್ತದೆ. ಗಾಬರಿಯಾಗಬೇಕಾಗಿಲ್ಲ. ಈ ಪೊರೆಯಿಂದ ಹೊಸ ಕ್ಯಾನ್ಸರ್ ಆದ ಉದಾಹರಣೆಗಳು ದಾಖಲಾಗಿವೆ, ಆದರೆ ವಿರಳ.

ಬಯಾಪ್ಸಿ, ಅಂದರೆ ಪೊರೆಯ ತುಣುಕು ತೆಗೆದು ಮಾಡಿದ ಪರೀಕ್ಷೆಯ, ವರದಿ ಓದುವಾಗ ಮೊದಲು ನೋಡಬೇಕಾದ್ದು ರೋಗದ ಹೆಸರನ್ನಲ್ಲ, ತುಣುಕು ತೆಗೆದ ಜಾಗವನ್ನು. ಜೋಡಣೆಯ ಕೆಳಗಿರುವುದು ಜಠರ, ಅಲ್ಲಿ ಕಂಬಕೋಶ ಇರುವುದು ಸಹಜ. ಅಲ್ಲಿಂದ ತೆಗೆದ ತುಣುಕಿಗೆ ‘ಕಾಲಮ್ನಾರ್’ ಎಂದು ಬಂದರೆ ಏನೂ ಹೊಸದಲ್ಲ, ಮೇಲಿನಿಂದ ತೆಗೆದದ್ದಕ್ಕೆ ಬಂದರೆ ಮಾತ್ರ ಮೆಟಾಪ್ಲೇಸಿಯಾ. ಹಾಗಾಗಿ ಎಂಡೋಸ್ಕೋಪಿ ವರದಿಯಲ್ಲಿ ಮುಂಬಲ್ಲಿನಿಂದ ಜೋಡಣೆ ಎಷ್ಟು ಸೆಂ.ಮೀ. ದೂರ, ತುಣುಕು ಎಷ್ಟು ಸೆಂ.ಮೀ.ನಲ್ಲಿ ತೆಗೆದದ್ದು ಎಂಬ ಎರಡು ಅಂಕೆ ಇರಲೇಬೇಕು. ಕುತ್ತಿಗೆಯ ಜೋಡಣೆ ಸಾಮಾನ್ಯವಾಗಿ 20 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಅಂಕೆ ಇಲ್ಲದಿದ್ದರೆ ಅಲ್ಲೇ ಕೇಳಿ ಬರೆಸಿಕೊಳ್ಳಿ. ಆಸ್ಪತ್ರೆ ಬದಲಾದಾಗ ಹಳೆಯದಕ್ಕೂ ಹೊಸದಕ್ಕೂ ತಾಳೆ ನೋಡಲು ಬೇರೆ ಆಧಾರವಿಲ್ಲ.

ಆಮೇಲೆ ಪದಗಳು. ‘ಗಾಬ್ಲೆಟ್ ಕೋಶ’ ಅಥವಾ ‘ಇಂಟೆಸ್ಟೈನಲ್’ ಎಂದಿದ್ದರೆ ಪೊರೆ ಕರುಳಿನ ಸ್ವಭಾವಕ್ಕೆ ತಿರುಗಿದೆ, ಇದು ಸಾಮಾನ್ಯವಾಗಿ ತಡವಾಗಿ ಬರುವ ಹಂತ, ನಿಗಾ ಹೆಚ್ಚಬೇಕು. ಡಿಸ್ಪ್ಲೇಸಿಯಾ ಎಂದರೆ ಕೋಶಗಳು ಕ್ಯಾನ್ಸರಿನ ಕಡೆಗೆ ವಾಲುವುದು, ‘ಡಿಸ್ಪ್ಲೇಸಿಯಾ ಇಲ್ಲ’ ಎಂಬ ಸಾಲು ಸಮಾಧಾನದ್ದು. ‘ಡಿಸ್ಪ್ಲೇಸಿಯಾ ಖಚಿತವಿಲ್ಲ’ ಎಂದಿದ್ದರೆ ಉರಿಯೂತದಿಂದ ಕೋಶ ಸ್ಪಷ್ಟವಾಗಿ ಕಂಡಿಲ್ಲ ಎಂದು ಅರ್ಥವಿರಬಹುದು. ಆಮ್ಲದ ಮಾತ್ರೆ ಹೆಚ್ಚಿಸಿ ಕೆಲವು ವಾರ ಬಿಟ್ಟು ಮತ್ತೆ ತುಣುಕು ತೆಗೆಯುತ್ತಾರೆ. ಲೋ ಗ್ರೇಡ್ (ಕಡಿಮೆ ಮಟ್ಟದ), ಹೈ ಗ್ರೇಡ್ (ಹೆಚ್ಚಿನ ಮಟ್ಟದ) ಡಿಸ್ಪ್ಲೇಸಿಯಾ ಎಂದು ಬಂದರೆ ಎರಡನೇ ಪೆಥಾಲಜಿಸ್ಟ್ ನೋಡಲಿ. ಅದಕ್ಕೆ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕು ಬೇಕು, ಕಾಗದದ ವರದಿ ಸಾಲದು.

ಎಂಡೋಸ್ಕೋಪಿ ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಎಲ್ಲರಿಗೂ ಒಂದೇ ಪಂಚಾಂಗವಿಲ್ಲ, ಅದನ್ನು ಸರ್ಜನ್ ನಿರ್ಧರಿಸುತ್ತಾರೆ. ಹೋಗುವಾಗ ಒಂದು ಎಚ್ಚರ: ಜಠರ ನಿಧಾನವಾಗಿ ಖಾಲಿಯಾಗುವುದರಿಂದ ಬೇರೆಯವರಿಗೆ ಹೇಳುವ 6–8 ಗಂಟೆ ಉಪವಾಸ ನಿಮಗೆ ಸಾಲದಿರಬಹುದು. ಹಿಂದಿನ ದಿನದಿಂದಲೇ ದ್ರವಾಹಾರ ಬೇಕೇ ಎಂದು ಫೋನಿನಲ್ಲಿ ಕೇಳಿಕೊಂಡೇ ಊರು ಬಿಡಿ. ಕ್ಯಾನ್ಸರ್ ತಪಾಸಣೆಯ ರೈಲು ಪ್ರಯಾಣಕ್ಕೆ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ, ಆಸ್ಪತ್ರೆಯ ವೈದ್ಯರ ಸಹಿ ಇರುವ ನಮೂನೆ ತೆಗೆದುಕೊಂಡು ಬನ್ನಿ.

ತಡಮಾಡಬಾರದ ಹೊತ್ತು

ಮೊದಲು ಇಳಿಯುತ್ತಿದ್ದ ಅನ್ನ ಈಗ ನಿಲ್ಲುತ್ತಿದೆ, ಬರೀ ಗಂಜಿ ಮಾತ್ರ ಇಳಿಯುತ್ತಿದೆ ಎಂದಾದರೆ ಜೋಡಣೆ ಕಿರಿದಾಗಿರಬಹುದು. ಬಲೂನು ಹಾಕಿ ಹಿಗ್ಗಿಸುವುದು ಸಾಮಾನ್ಯ ಚಿಕಿತ್ಸೆ, ಹಲವು ಬಾರಿ ಬೇಕಾಗಬಹುದು. ಗಂಜಿಯೇ ಸಾಕೆಂದು ತಿಂಗಳುಗಟ್ಟಲೆ ದೂಡಬೇಡಿ. ಜ್ವರದ ಜೊತೆ ಕೆಮ್ಮು, ಉಸಿರಾಟದ ಕಷ್ಟ ಇದ್ದರೆ ಹುಳಿ ಶ್ವಾಸಕೋಶಕ್ಕೆ ಇಳಿದಿದೆ ಎಂದೇ ಎಣಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಎದೆ ಅಥವಾ ಹೊಟ್ಟೆಯಲ್ಲಿ ಒಮ್ಮೆಲೇ ತಡೆಯಲಾರದ ನೋವಿನ ಜೊತೆ ವಾಂತಿ ಬಂದರೆ 108ಕ್ಕೆ ಕರೆ ಮಾಡಿ. ಕರುಳು ಎದೆಯೊಳಗೆ ನುಗ್ಗಿ ಸಿಕ್ಕಿಕೊಳ್ಳುವುದು ಈ ಆಪರೇಷನ್ನಿನ ವರ್ಷಗಳ ನಂತರವೂ ಆಗಬಹುದು.

ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ಕರ್ತವ್ಯದಲ್ಲಿರುವ ವೈದ್ಯರು ಇಂಥ ಆಪರೇಷನ್ ಆದವರನ್ನು ಮೊದಲ ಸಲ ನೋಡುತ್ತಿರಬಹುದು. ಎದೆಯ ಎಕ್ಸ್‌ರೇಯಲ್ಲಿ ಗಾಳಿ-ನೀರಿನ ಗೆರೆ ಕಂಡು ಕೀವೆಂದು ತಪ್ಪು ತಿಳಿಯುವ ಸಂಭವವೂ ಇದೆ. ಆದ್ದರಿಂದ ಆಧಾರ್ ಚೀಟಿಯ ಜೊತೆ ಈ ನಾಲ್ಕು ಸಾಲು ಬರೆದು, ಪ್ಲಾಸ್ಟಿಕ್ಕಿನಲ್ಲಿ ಹಾಕಿ ಜೇಬಿನಲ್ಲಿಡಿ:

ನನ್ನ ಅನ್ನನಾಳ ತೆಗೆದಿದೆ. ಜಠರ ಎದೆಯೊಳಗಿದೆ, ಎಕ್ಸ್‌ರೇಯಲ್ಲಿ ಕಾಣುವುದು ಅದೇ ಇರಬಹುದು.
ಮೂಗಿನಿಂದ ಜಠರಕ್ಕೆ ಕುರುಡಾಗಿ ನಳಿಕೆ ಹಾಕಬೇಡಿ, ಜೋಡಣೆಗೆ ಪೆಟ್ಟಾಗಬಹುದು.
ಉಪವಾಸವಿದ್ದರೂ ಹೊಟ್ಟೆ ತುಂಬಿದೆ ಎಂದೇ ತಿಳಿದು ಅರಿವಳಿಕೆ ಕೊಡಿ. ಚಪ್ಪಟೆ ಮಲಗಿಸಬೇಡಿ.
ಆಪರೇಷನ್ ಆದ ದಿನಾಂಕ, ಪದ್ಧತಿ, ಜೋಡಣೆಯ ಜಾಗ, ಸರ್ಜನ್ ಫೋನ್ ಸಂಖ್ಯೆ.